ಚಿತ್ರದ ಬೆನ್ನಿಗೆ ಬರೆದದ್ದು

ಬೆಂಗಳೂರಿನಿಂದ ಸೇಲಂ ಕಡೆಗೆ ಹೋಗುವ ರೈಲು ಹೊಸೂರು ದಾಟಿ ರಾಯಕೋಟೆಯ ಹತ್ತಿರ ಬಂದಾಗ ಡಬ್ಬಿಯೊಳಗಿನ ಮಾತು ನಿಲ್ಲುತ್ತದೆ. ಬೋಳುಬಂಡೆಯ ಬೆಟ್ಟಗಳು ಹತ್ತಿರ ಸರಿಯುತ್ತವೆ, ಕಿಟಕಿಗಳಿಂದ ಮೊಬೈಲ್ ಹಿಡಿದ ಕೈಗಳು ಹೊರಬರುತ್ತವೆ. ನನ್ನ ಚೀಲದಲ್ಲೂ ಒಂದು ಚಿತ್ರವಿತ್ತು. ಅದು ನಾನು ತೆಗೆದದ್ದಲ್ಲ. ಅಜ್ಜಿಯ ಟ್ರಂಕಿನಲ್ಲಿ ಸಿಕ್ಕಿದ, ಅಂಗೈಯಗಲದ, ಅಂಚಿಗೆ ಹಲ್ಲುಹಲ್ಲು ಕತ್ತರಿಸಿದ ಕಪ್ಪುಬಿಳುಪು ಫೋಟೊ. ಹರಿಗೋಲಿನಲ್ಲಿ ಮೂವರು ಕೂತಿದ್ದಾರೆ, ಹಿಂದೆ ಕಲ್ಲಿನ ಗೋಡೆ. ಒಬ್ಬರು ಅಜ್ಜ, ಇನ್ನೊಬ್ಬರು ಅಜ್ಜಿ. ಮೂರನೆಯ ಹೆಂಗಸು ಯಾರೆಂದು ಮನೆಯಲ್ಲಿ ಯಾರಿಗೂ ತಿಳಿಯದು. ತಿರುಗಿಸಿ ನೋಡಿದರೆ ಹಿಂಬದಿ ಖಾಲಿ.

ಈ ಲೇಖನಕ್ಕೆ ನಾನು ಹೊರಟದ್ದು ಸೇಲಂ, ಧರ್ಮಪುರಿ ಸೀಮೆಯ ಹವ್ಯಾಸಿ ಛಾಯಾಗ್ರಾಹಕರ ಲೋಕ ನೋಡಲಿಕ್ಕೆ. ಆದರೆ ರಾಯಕೋಟೆ ನನ್ನನ್ನು ಬಹಳ ಹೊತ್ತು ತಡೆದು ನಿಲ್ಲಿಸಿತು. ಇಲ್ಲಿ ನೂರ ಅರವತ್ತು ವರ್ಷಕ್ಕೂ ಹಿಂದೆ ಕ್ಯಾಮೆರಾ ಹೊತ್ತು ತಿರುಗಿದ ಒಬ್ಬ ಮನುಷ್ಯನಿದ್ದಾನೆ.

ಅವನ ಕತೆಗೆ ಮೊದಲು ಊರಿನ ವಿಳಾಸ ಹೇಳಿಬಿಡುತ್ತೇನೆ. ರಾಯಕೋಟೆ ಇಂದು ಕೃಷ್ಣಗಿರಿ ಜಿಲ್ಲೆಯಲ್ಲಿದೆ. 2004ರವರೆಗೆ ಧರ್ಮಪುರಿ ಜಿಲ್ಲೆಯಲ್ಲಿತ್ತು. ಧರ್ಮಪುರಿ ಪ್ರತ್ಯೇಕ ಜಿಲ್ಲೆಯಾದದ್ದೇ 1965ರಲ್ಲಿ, ಅದಕ್ಕೂ ಹಿಂದೆ ಎಲ್ಲವೂ ಸೇಲಂ. 1792ಕ್ಕೆ ಮುಂಚೆ ಇದು ಟಿಪ್ಪುವಿನ ಕೈಯಲ್ಲಿದ್ದ ಬಾರಾಮಹಲ್. ಇನ್ನೂ ಹಿಂದಕ್ಕೆ ಹೋದರೆ ಧರ್ಮಪುರಿ ತಗಡೂರಾಗಿತ್ತು, ನೊಳಂಬರು ಅಲ್ಲಿ ಕನ್ನಡ ಶಾಸನ ಹಾಕಿಸಿದ್ದರು. ಜಿಲ್ಲೆಯ ಹೆಸರು ಎಷ್ಟು ಸಲ ಬದಲಾದರೂ ಈ ಸೀಮೆಯಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಒಟ್ಟಿಗೇ ಬದುಕಿವೆ.

ಆ ಮನುಷ್ಯನ ಹೆಸರು ಲಿನೇಯಸ್ ಟ್ರೈಪ್. 1822ರಲ್ಲಿ ಇಂಗ್ಲೆಂಡಿನ ಡೆವನ್‌ಪೋರ್ಟಿನಲ್ಲಿ ಹುಟ್ಟಿ, ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಪಡೆಗೆ ಸೇರಿದವನು. ರಜೆಯಲ್ಲಿ ಊರಿಗೆ ಹೋದಾಗ ಫೋಟೊಗ್ರಫಿಯ ಗುಂಗು ಹಿಡಿಯಿತು. 1854ರಲ್ಲಿ ಬೆಂಗಳೂರಿಗೆ ಮರಳಿದ. ಆ ವರ್ಷದ ಕೊನೆಗೆ ಕ್ಯಾಮೆರಾ ಕಟ್ಟಿಕೊಂಡು ಹಳೇಬೀಡು, ಬೇಲೂರಿಗೆ ಹೊರಟ. ಯಾರೂ ಕಳಿಸಿದ್ದಲ್ಲ, ಸಂಬಳಕ್ಕಾಗಿ ಹೋದದ್ದೂ ಅಲ್ಲ, ಬರಿಯ ಹವ್ಯಾಸ. ಅಲ್ಲಿ ತೆಗೆದ ಚಿತ್ರಗಳನ್ನು 1855ರ ಮದರಾಸು ವಸ್ತುಪ್ರದರ್ಶನದಲ್ಲಿ ಇಟ್ಟಾಗ ತೀರ್ಪುಗಾರರು ಮೊದಲ ದರ್ಜೆಯ ಪದಕ ಕೊಟ್ಟರು. ಹೊಯ್ಸಳ ಗುಡಿಗಳ ಆರಂಭದ ಫೋಟೊಗಳು ಒಬ್ಬ ಹವ್ಯಾಸಿಯ ಕೈಯಿಂದ ಬಂದವು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ಹವ್ಯಾಸ ಆಮೇಲೆ ನೌಕರಿಯಾಯಿತು. ಅದೇ 1855ರಲ್ಲಿ ಬರ್ಮಾಕ್ಕೆ ಹೋದ ನಿಯೋಗದ ಜೊತೆ ಅವನನ್ನು ಕಳಿಸಿದರು. ಮುಂದೆ ಮದರಾಸು ಸರ್ಕಾರ ತನ್ನ ಛಾಯಾಗ್ರಾಹಕನನ್ನಾಗಿ ನೇಮಿಸಿತು. 1857ರ ಕೊನೆಗೆ ಬೆಂಗಳೂರಿನಿಂದ ದಕ್ಷಿಣಕ್ಕೆ ಹೊರಟ ಅವನ ದೊಡ್ಡ ಪ್ರವಾಸದಲ್ಲಿ ರಾಯಕೋಟೆಯೂ ಸೇಲಂ ಜಿಲ್ಲೆಯ ಬೇರೆ ಊರುಗಳೂ ಇದ್ದವು. 1858ರಲ್ಲಿ ಹೊರಬಂದ ಸಂಪುಟಗಳಲ್ಲಿ ಒಂದಕ್ಕೆ ರಾಯಕೋಟೆಯದೇ ಹೆಸರು. ಮದುರೆ, ತಂಜಾವೂರು, ತಿರುಚಿನಾಪಳ್ಳಿಯ ದೊಡ್ಡ ಗೋಪುರಗಳಿಗೆ ಸಿಕ್ಕಂಥ ಸಂಪುಟ ಈ ಸಣ್ಣ ಕೋಟೆಯೂರಿಗೂ ಸಿಕ್ಕಿತು.

ಒಂದು ಚಿತ್ರಕ್ಕೆ ಅವನು ಪಟ್ಟ ಪಾಡು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಅವನು ನೆಚ್ಚಿಕೊಂಡದ್ದು ಮೇಣದ ಕಾಗದದ ವಿಧಾನ. ಒಳ್ಳೆಯ ಕಾಗದಕ್ಕೆ ಕರಗಿದ ಮೇಣ ಕುಡಿಸಿ, ಇಸ್ತ್ರಿ ಹಾಕಿ ಹೆಚ್ಚಿನ ಮೇಣ ತೆಗೆಯಬೇಕು. ಆಮೇಲೆ ಅಯೊಡೈಡಿನ ದ್ರಾವಣ, ಕತ್ತಲಲ್ಲಿ ಬೆಳ್ಳಿಯ ನೈಟ್ರೇಟಿನ ಸ್ನಾನ. ಗಾಜಿನ ಮೇಲಿನ ಹಸಿ ಲೇಪನದ ವಿಧಾನದಲ್ಲಾದರೆ ಒಣಗುವ ಮೊದಲೇ ಚಿತ್ರ ತೆಗೆದು ತೊಳೆಯಬೇಕು, ಕಾಡಿನಲ್ಲೂ ಕತ್ತಲ ಡೇರೆ ಬೇಕು. ಮೇಣದ ಕಾಗದವಾದರೆ ತಯಾರಿಸಿಟ್ಟು ಕೆಲವು ದಿನ ಕಾಯಬಹುದು. ಎತ್ತಿನ ಗಾಡಿಯಲ್ಲಿ ಊರೂರು ತಿರುಗುವವನಿಗೆ ಅದು ದೊಡ್ಡ ಆಸರೆ. ಆಗ ಚಿತ್ರವನ್ನು ದೊಡ್ಡದು ಮಾಡುವ ಅನುಕೂಲ ಇರಲಿಲ್ಲ. ಒಂದಡಿಗೂ ಮೀರಿದ ಚಿತ್ರ ಬೇಕಾದರೆ ಕ್ಯಾಮೆರಾವೇ ಅಷ್ಟು ದೊಡ್ಡದಿರಬೇಕು. ಬೆಳಕು ಒಳಗೆ ಇಳಿಯಲು ನಿಮಿಷಗಳೇ ಬೇಕು. ಅಷ್ಟು ಹೊತ್ತು ಎಲೆ ಅಲುಗದಿರುತ್ತದೆಯೇ? ಮರ ಮಸುಕಾಗುತ್ತಿತ್ತು, ಆಕಾಶ ಬರಿದಾಗಿ ಬರುತ್ತಿತ್ತು. ಟ್ರೈಪ್ ನೆಗೆಟಿವ್ ಮೇಲೆ ಕುಂಚ ಹಿಡಿದು ಮೋಡ, ಎಲೆಗಳನ್ನು ಬಿಡಿಸುತ್ತಿದ್ದ. ದಾರಿಯಲ್ಲಿ ನಡೆದುಹೋದ ಮನುಷ್ಯನೂ ಆ ದೀರ್ಘ ಬೆಳಕಿನಲ್ಲಿ ಅಳಿಸಿಹೋಗುತ್ತಿದ್ದ. ಅವನ ಬಹಳಷ್ಟು ಚಿತ್ರಗಳು ಜನ ಬಿಟ್ಟುಹೋದ ಊರುಗಳಂತೆ ಕಾಣುವುದಕ್ಕೆ ಅದೂ ಒಂದು ಕಾರಣ.

ನನ್ನನ್ನು ಹಿಡಿದದ್ದು ಆ ಚಿತ್ರಗಳಿಗಿಂತ ಹೆಚ್ಚಾಗಿ ಅವನು ಅವುಗಳ ಪಕ್ಕ ಬರೆದದ್ದು. ಬರ್ಮಾದ 120 ಚಿತ್ರಗಳಿಗೂ ಅವನು ಸಂಖ್ಯೆ, ಸ್ಥಳ, ವಿವರ ಕೊಟ್ಟಿದ್ದಾನೆ. ಮಳೆ, ಕಾಯಿಲೆ, ನಿಯೋಗದ ಅವಸರ ಎಲ್ಲ ಕಳೆದು ತನಗೆ ಕೆಲಸಕ್ಕೆ ಸಿಕ್ಕಿದ್ದು 36 ದಿನ ಮಾತ್ರ ಎಂದು ಲೆಕ್ಕ ಒಪ್ಪಿಸಿದ್ದಾನೆ. ಆ ಒಂದು ವಾಕ್ಯ ಓದಿದ ಮೇಲೆ ಅದೇ ಚಿತ್ರಗಳು ಬೇರೆಯಾಗಿ ಕಾಣುತ್ತವೆ. ಗುಡಿಯ ಎದುರು, ಕ್ಯಾಮೆರಾದ ಹಿಂದೆ, ಜ್ವರದ ಮೈಯಲ್ಲಿ ಮಳೆ ನಿಲ್ಲಲು ಕಾದು ನಿಂತ ಒಬ್ಬನನ್ನು ನಾನು ಊಹಿಸಿಕೊಳ್ಳತೊಡಗಿದೆ.

1859ರಲ್ಲಿ ಹೊಸ ಗವರ್ನರ್ ಟ್ರೆವೆಲ್ಯನ್ ಈ ಕೆಲಸ ಸರ್ಕಾರಕ್ಕೆ ದುಬಾರಿ ಎಂದು ನಿಲ್ಲಿಸಿದ. ಟ್ರೈಪ್ 1902ರವರೆಗೆ ಬದುಕಿದ. ಆ ನಲವತ್ತು ವರ್ಷಗಳಲ್ಲಿ ಅವನು ತೆಗೆದ ಚಿತ್ರಗಳು ತೀರ ಕಡಿಮೆ. 2014ರಲ್ಲಿ ವಾಷಿಂಗ್ಟನ್ನಿನಲ್ಲಿ, ಮರುವರ್ಷ ನ್ಯೂಯಾರ್ಕ್ ಮತ್ತು ಲಂಡನ್ನಿನಲ್ಲಿ ಅವನ ಚಿತ್ರಗಳ ದೊಡ್ಡ ಪ್ರದರ್ಶನ ನಡೆಯಿತು. ರಾಯಕೋಟೆಯ ಬೆಟ್ಟದ ಬುಡದಲ್ಲಿ ಅವನ ಒಂದು ಚಿತ್ರದ ನಕಲನ್ನಾದರೂ ಹಾಕಿ ಎರಡು ಸಾಲು ಬರೆಯಬೇಕು ಎಂಬುದು ನನ್ನ ಆಸೆ.

ಹವ್ಯಾಸಕ್ಕಾಗಿ ಕ್ಯಾಮೆರಾ ಹಿಡಿಯುವ ಆ ಪರಂಪರೆ ನಮ್ಮಲ್ಲಿ ನಿಲ್ಲಲಿಲ್ಲ. ಸಂಡೂರಿನ ಎಂ.ವೈ. ಘೋರ್ಪಡೆ ರಾಜಮನೆತನದವರು, ರಾಜ್ಯದ ಹಣಕಾಸು ಸಚಿವರಾಗಿದ್ದವರು. ಅವರು 1983ರಲ್ಲಿ ತಮ್ಮ ವನ್ಯಜೀವಿ ಚಿತ್ರಗಳನ್ನು ಪುಸ್ತಕ ಮಾಡಿದಾಗ ಅದನ್ನು ಛಾಯಾಗ್ರಾಹಕನ ದಿನಚರಿ ಎಂದೇ ಕರೆದರು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ 2017ರಲ್ಲಿ ತೀರಿಕೊಳ್ಳುವವರೆಗೆ ಎಷ್ಟೋ ಕಿರಿಯರಿಗೆ ಪ್ರಾಣಿಗಳ ಕಣ್ಣಿಗೆ ಬೀಳದಂತೆ ಮರೆಯೊಳಗೆ ಉಸಿರು ಬಿಗಿಹಿಡಿದು ಕೂರುವುದನ್ನು ಕಲಿಸಿದರು. ಮೂಡಿಗೆರೆಯಲ್ಲಿ ತೇಜಸ್ವಿ ಹಕ್ಕಿಗಳ ಹಿಂದೆ ಬಿದ್ದ ಕತೆ ಕನ್ನಡಿಗರಿಗೆ ಗೊತ್ತೇ ಇದೆ. ಪೆನ್ನಾಗರ, ಅಂಚೆಟ್ಟಿ ಕಡೆಯ ಕಾಡುಗಳಲ್ಲಿ ತಿರುಗಿದ ಕೆನೆತ್ ಆಂಡರ್ಸನ್‌ನನ್ನು ಕನ್ನಡಕ್ಕೆ ತಂದವರೂ ಅವರೇ.

ಪೆನ್ನಾಗರ ದಾಟಿ ಇಳಿದರೆ ಹೊಗೇನಕಲ್ ಜಲಪಾತ. ಕಲ್ಲಿನಿಂದ ಹೊಗೆ ಏಳುತ್ತದೆ ಎಂದು ಕನ್ನಡ ಇಟ್ಟ ಹೆಸರು. ಆಚೆ ದಡ ನಮ್ಮ ಚಾಮರಾಜನಗರ ಜಿಲ್ಲೆ. ಇಲ್ಲಿಗೆ ಕ್ಯಾಮೆರಾ ತರುವವರು ಮನೆಯಿಂದ ಹೊರಡುವ ಮೊದಲೇ ಬಿಳಿಗುಂಡ್ಲುವಿನಲ್ಲಿ ಕಾವೇರಿಯ ಹರಿವು ಅಳೆದ ಲೆಕ್ಕ ಕೇಳುತ್ತಾರೆ, ಇಂದು ಎಷ್ಟು ಕ್ಯೂಸೆಕ್ ಎಂದು. ಕಬಿನಿ, ಕೆಆರ್‌ಎಸ್ ತೆರೆದು ಹರಿವು ಏರಿದರೆ ಹರಿಗೋಲು ನಿಲ್ಲುತ್ತದೆ. ನೀರು ತೀರ ಇಳಿದರೆ ಹೊಗೆಯೇ ಇರುವುದಿಲ್ಲ. ಎರಡರ ನಡುವಿನ ಕೆಲವು ದಿನಗಳಿಗೆ ಅವರು ಕಾಯುತ್ತಾರೆ. ಟ್ರೈಪೋಡ್ ನಿಲ್ಲಿಸಿ, ಲೆನ್ಸಿಗೆ ಕಪ್ಪು ಫಿಲ್ಟರ್ ಹಾಕಿ, ಶಟರನ್ನು ಕೆಲವು ಸೆಕೆಂಡು ತೆರೆದಿಡುತ್ತಾರೆ. ಧುಮುಕುವ ನೀರು ಚಿತ್ರದಲ್ಲಿ ನಿಜವಾಗಿ ಹೊಗೆಯಾಗುತ್ತದೆ. ಟ್ರೈಪ್‌ಗೆ ಬೇರೆ ದಾರಿಯಿಲ್ಲದೆ ಒದಗಿದ್ದನ್ನು ಇವರು ಬೇಕೆಂದೇ ಆರಿಸಿಕೊಳ್ಳುತ್ತಾರೆ.

ನದಿಯಂಚಿನಲ್ಲಿ ಮೀನು ಹುರಿಯುವ ಹೆಂಗಸರು, ಬಂಡೆಯ ಮೇಲೆ ಎಣ್ಣೆ ತಿಕ್ಕುವವರು. ದಿನನಿತ್ಯದ ಬದುಕಿನ ಚಿತ್ರ ಬೇಕಾದವರು ಇಲ್ಲೇ ಕೂರುತ್ತಾರೆ. ನಾನು ಒಬ್ಬ ವಯಸ್ಸಾದ ಅಂಬಿಗರಿಗೆ ಅಜ್ಜಿಯ ಫೋಟೊ ತೋರಿಸಿದೆ. ಅವರು ಮುಖಗಳನ್ನು ನೋಡಲೇ ಇಲ್ಲ, ಹರಿಗೋಲಿನ ಅಂಚಿಗೆ ಬೆರಳಿಟ್ಟರು. ತಮಿಳು ಬೆರೆತ ಕನ್ನಡದಲ್ಲಿ, ಇದು ತೊಗಲಿಂದು, ಈಗೆಲ್ಲ ಪ್ಲಾಸ್ಟಿಕ್ ಹಾಳೆಗೆ ಟಾರು ಬಳಿಯೋದು, ಅಂದರು. ನೀರು ಬಂಡೆಯ ಎಲ್ಲಿಗೆ ಮುಟ್ಟಿದೆ ನೋಡಿ, ಮಳೆಗಾಲ ಮುಗಿದ ಮೇಲೆ ತೆಗೆದದ್ದು, ಅಂದರು. ನಮ್ಮ ಮನೆಯಲ್ಲಿ ಅಷ್ಟು ವರ್ಷ ಇದ್ದ ಚಿತ್ರದಿಂದ ನಾವು ಓದದ ಎರಡು ಸಾಲನ್ನು ಅವರು ಒಂದು ನಿಮಿಷದಲ್ಲಿ ಓದಿದರು. ಆ ಹೆಂಗಸು ಯಾರೆಂದು ಹೇಳುವುದು ಅವರಿಂದಲೂ ಆಗುವಂತಿರಲಿಲ್ಲ.

ಇದೇ ನೀರು ಮುಂದೆ ಮೆಟ್ಟೂರಿನಲ್ಲಿ ನಿಲ್ಲುತ್ತದೆ. 1934ರಲ್ಲಿ ಮುಗಿದ ಅಣೆಕಟ್ಟು, ಪೂರ್ಣ ಮಟ್ಟ 120 ಅಡಿ. ನೀರು ಬಹಳ ಇಳಿದ ವರ್ಷ ಪಣ್ಣವಾಡಿಯ ಹತ್ತಿರ ಮುಳುಗಿದ ಇಗರ್ಜಿಯ ಗೋಪುರವೂ ಜಲಕಂಠೇಶ್ವರನ ನಂದಿಯೂ ಮೇಲೇಳುತ್ತವೆ. ಒಡೆದ ಕೆಸರಿನ ನಡುವೆ, ಇಳಿಬಿಸಿಲಿನಲ್ಲಿ ಕೂತ ನಂದಿಯ ಚಿತ್ರ ಬಹಳ ಚೆಲುವಾಗಿ ಬರುತ್ತದೆ. ಆದರೆ ಅದು ಸಿಗುವುದು ಬರ ಬಂದಾಗ, ಜೂನ್ 12ಕ್ಕೆ ಬೇಸಾಯಕ್ಕೆಂದು ನೀರು ಬಿಡುವ ವಾಡಿಕೆ ತಪ್ಪಿ ಕೆಳಗಿನ ರೈತರು ಮುಗಿಲು ನೋಡುವಾಗ. ಚಿತ್ರದ ಕೆಳಗೆ ವರ್ಷವನ್ನೂ ನೀರಿನ ಮಟ್ಟವನ್ನೂ ಬರೆಯದಿದ್ದರೆ ಅದು ಬರಿಯ ಚೆಂದದ ಚಿತ್ರವಾಗಿ ಉಳಿಯುತ್ತದೆ. ಅದು ಅನ್ಯಾಯ.

ಸೇಲಂ ಪೇಟೆಯಲ್ಲಿ ಮನೆಮಾತು ಕನ್ನಡವಾದ ದೇವಾಂಗ ನೇಕಾರರು ಇಂದಿಗೂ ಇದ್ದಾರೆ. ಕೈಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತವರ ಕೈಮೇಲೆ ಬೀಳುವ ಬೆಳಕಿನಷ್ಟು ಒಳ್ಳೆಯ ಬೆಳಕು ನನಗೆ ಏರ್ಕಾಡಿನ ಮಂಜಿನಲ್ಲೂ ಸಿಕ್ಕಿಲ್ಲ. ಆ ಮಗ್ಗಗಳ ಬಳಿ ತೆಗೆದ ನನ್ನದೇ ಎಷ್ಟೋ ಚಿತ್ರಗಳಿಗೆ ನಾನು ಹೆಸರು ಬರೆದಿಟ್ಟಿರಲಿಲ್ಲ. ಈಗ ಯಾರ ಕೈ ಯಾವುದು ಎಂದು ನನಗೇ ಗೊತ್ತಾಗುತ್ತಿಲ್ಲ.

ಹೊಗೇನಕಲ್ಲಿನಿಂದ ಬಂದ ರಾತ್ರಿ ಅಜ್ಜಿಯ ಫೋಟೊದ ಹಿಂದೆ ಬರೆದೆ: ಹೊಗೇನಕಲ್, ತೊಗಲಿನ ಹರಿಗೋಲು, ಮಳೆಗಾಲ ಮುಗಿದ ಮೇಲೆ, ಅಜ್ಜ, ಅಜ್ಜಿ. ಮೂರನೆಯವರ ಹೆಸರಿಗೆ ಒಂದು ಸಾಲು ಬಿಟ್ಟಿದ್ದೇನೆ. ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಚಿತ್ರಗಳಿರುತ್ತವೆ, ಅವನ್ನು ಗುರುತಿಸುವ ಹಿರಿಯರು ಇನ್ನೂ ಇರಬಹುದು. ಕೆಳಗಿಳಿಸಿ, ಅವರ ಪಕ್ಕ ಕೂತು ಕೇಳಿ, ಬರೆಯಿರಿ. ಮೆತ್ತನೆಯ ಪೆನ್ಸಿಲಿನಿಂದಲೇ ಬರೆಯಿರಿ, ಬಾಲ್‌ಪೆನ್ನಿನ ಒತ್ತು ಮುಂದಿನ ಮುಖಗಳ ಮೇಲೆ ಮೂಡುತ್ತದೆ.