ಔಷಧ ಪ್ರಯೋಗದಲ್ಲಿ ಯಾರಿಗೆ ಯಾವ ಚಿಕಿತ್ಸೆ?

ಹೊಸ ಚಿಕಿತ್ಸೆಯ ಪ್ರಯೋಗದಲ್ಲಿ ಯಾವ ರೋಗಿಗೆ ಏನು ಕೊಡಬೇಕೆಂದು ವೈದ್ಯರು ಆರಿಸುವುದಿಲ್ಲ. ಚೀಟಿ ಎತ್ತಿದ ಹಾಗೆ ಅದು ನಿರ್ಧಾರವಾಗುತ್ತದೆ. ವೈದ್ಯರೇ ಆರಿಸಿದರೆ ಗಟ್ಟಿಮುಟ್ಟಾದ ರೋಗಿಗಳು ಒಂದೇ ಗುಂಪಿಗೆ ಸೇರಿಬಿಡಬಹುದು. ಆಗ ಗುಣವಾದದ್ದು ಔಷಧಿಯಿಂದಲೋ ದೇಹಬಲದಿಂದಲೋ ತಿಳಿಯದು. ಸಾಮಾನ್ಯವಾಗಿ ಎರಡೂ ಗುಂಪುಗಳಿಗೆ ಸಮಪಾಲು ಇರುತ್ತದೆ.

ನಡುವೆಯೇ ಒಂದು ಚಿಕಿತ್ಸೆ ಮೇಲೆಂದು ಕಂಡರೆ, ಮುಂದೆ ಬರುವವರಿಗೆ ಅದು ಸಿಗುವ ಸಾಧ್ಯತೆಯನ್ನು ಹೆಚ್ಚಿಸುವ ಕ್ರಮವೂ ಇದೆ. ಇದಕ್ಕೆ ಅಡಾಪ್ಟಿವ್ ರ‍್ಯಾಂಡಮೈಸೇಶನ್ ಎನ್ನುತ್ತಾರೆ.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಡಾ. ರಾಬರ್ಟ್ ಬಾರ್ಟ್ಲೆಟ್ ಅವರ ತಂಡ 1985ರಲ್ಲಿ ಇಂಥ ಪ್ರಯೋಗವೊಂದನ್ನು ಪ್ರಕಟಿಸಿತು. ಉಸಿರಾಟ ಕೈಕೊಟ್ಟ ನವಜಾತ ಶಿಶುಗಳಿಗೆ ಎಕ್ಮೋ ಯಂತ್ರವೋ, ರೂಢಿಯ ಚಿಕಿತ್ಸೆಯೋ ಎಂಬುದು ಪ್ರಶ್ನೆ. ಎಕ್ಮೋ ಎಂದರೆ ರಕ್ತವನ್ನು ದೇಹದ ಹೊರಗೆ ಹರಿಸಿ, ಆಮ್ಲಜನಕ ಸೇರಿಸಿ ಮರಳಿಸುವ ಯಂತ್ರ. ಒಂದು ಪಾತ್ರೆಯಲ್ಲಿ ಎರಡು ಬಣ್ಣದ ಒಂದೊಂದು ಗೋಲಿ ಇದೆಯೆಂದು ಭಾವಿಸಿ. ಎಕ್ಮೋ ಪಡೆದ ಮಗು ಬದುಕಿದರೆ ಎಕ್ಮೋ ಗೋಲಿ ಒಂದು ಹೆಚ್ಚುತ್ತದೆ. ರೂಢಿಯ ಚಿಕಿತ್ಸೆಯಲ್ಲಿ ಮಗು ತೀರಿಕೊಂಡರೂ ಎಕ್ಮೋ ಗೋಲಿಯೇ ಹೆಚ್ಚುತ್ತದೆ. ಮೊದಲ ಮಗುವಿಗೆ ಎಕ್ಮೋ ಸಿಕ್ಕಿತು, ಬದುಕಿತು. ಎರಡನೆಯದಕ್ಕೆ ರೂಢಿಯ ಚಿಕಿತ್ಸೆ ಸಿಕ್ಕಿತು, ತೀರಿಕೊಂಡಿತು. ಪಾತ್ರೆಯಲ್ಲಿ ಈಗ ಮೂರಕ್ಕೆ ಒಂದು. ನಂತರದ ಹತ್ತು ಶಿಶುಗಳಿಗೂ ಎಕ್ಮೋ ಸಿಕ್ಕಿತು, ಹತ್ತೂ ಬದುಕಿದವು.

ಆದರೂ ವಾದ ಮುಗಿಯಲಿಲ್ಲ. ಹೋಲಿಕೆಗೆ ಇದ್ದದ್ದು ಒಂದೇ ಮಗು. ಅದರ ಸ್ಥಿತಿ ಮೊದಲೇ ಹೆಚ್ಚು ಗಂಭೀರವಾಗಿದ್ದಿರಬಹುದಲ್ಲವೇ ಎಂಬ ಸಂಶಯಕ್ಕೆ ಉತ್ತರವಿರಲಿಲ್ಲ. ಕೊನೆಗೆ ಬ್ರಿಟನ್ನಿನಲ್ಲಿ 185 ಶಿಶುಗಳನ್ನು ಸಮಪಾಲಿನಲ್ಲಿ ಹಂಚಿ ಪ್ರಯೋಗ ನಡೆಯಿತು. 1996ರಲ್ಲಿ ಫಲಿತಾಂಶ ಬಂತು: ಎಕ್ಮೋ ಗುಂಪಿನ 93ರಲ್ಲಿ 30, ಇನ್ನೊಂದು ಗುಂಪಿನ 92ರಲ್ಲಿ 54 ಶಿಶುಗಳು ತೀರಿಕೊಂಡಿದ್ದವು. ಎಕ್ಮೋ ಮೇಲೆಂಬುದು ಖಚಿತವಾಯಿತು. ಆದರೆ ಆ ಖಚಿತತೆಗೆ ತೆತ್ತ ಬೆಲೆ ಸಣ್ಣದಲ್ಲ.

ಮುಂದಿರುವ ರೋಗಿಯ ಹಿತ, ಮುಂದೆ ಬರುವ ಸಾವಿರಾರು ರೋಗಿಗಳಿಗೆ ಬೇಕಾದ ಗಟ್ಟಿ ಪುರಾವೆ: ಇವೆರಡನ್ನೂ ತೂಗಿಸುವುದೇ ಈ ವಿದ್ಯೆಯ ಕಷ್ಟ. ಫಲಿತಾಂಶ ಬೇಗ ತಿಳಿಯುವ ಕಾಯಿಲೆಗಳಿಗೆ ಪಾಲು ಬದಲಿಸುವ ಕ್ರಮ ಒಗ್ಗುತ್ತದೆ. ವರ್ಷಗಟ್ಟಲೆ ಕಾಯಬೇಕಾದಲ್ಲಿ ಅದರಿಂದ ಪ್ರಯೋಜನ ಕಡಿಮೆ.

ನಿಮ್ಮನ್ನೋ ಮನೆಯವರನ್ನೋ ಪ್ರಯೋಗಕ್ಕೆ ಕರೆದರೆ, ಅದು ಅಲೋಪಥಿಯದ್ದಿರಲಿ, ಯುನಾನಿಯದ್ದಿರಲಿ, ಸಹಿ ಹಾಕುವ ಮುನ್ನ ಕೇಳಿ: ಹಂಚಿಕೆ ಹೇಗೆ? ಪಾಲು ನಡುವೆ ಬದಲಾಗುತ್ತದೆಯೇ? ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಣಿಯಾಗಿದೆಯೇ? ಸಹಿ ಹಾಕಿದ ಮೇಲೂ ಯಾವಾಗ ಬೇಕಾದರೂ ಹೊರಬರುವ ಹಕ್ಕು ನಿಮಗಿದೆ.