ಅಂಗಳದಲ್ಲೊಂದು ಪುಟ್ಟ ಕೊಳ

ಪಾಠದಲ್ಲಿ ‘ಕೊಳ’ ಎಂಬ ಪದ ಬಂದಾಗ ಮೂರನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, “ಟೀಚರ್, ಕೊಳ ಅಂದ್ರೆ ಸ್ವಿಮ್ಮಿಂಗ್ ಪೂಲಾ?” ಎಂದು ಕೇಳಿದ. ನಗು ಬಂದಿತಾದರೂ ತಪ್ಪು ಅವನದಲ್ಲ. ಮಸ್ಕತ್ತಿನಲ್ಲಿ ಬೆಳೆದ ಮಗು ಕಂಡಿರುವುದು ಸಮುದ್ರವನ್ನು, ವಾದಿಯನ್ನು, ಮನೆಯ ನಲ್ಲಿಯನ್ನು. ನೈದಿಲೆ, ಗೊದಮೊಟ್ಟೆಗಳೆಲ್ಲ ಅವನಿಗೆ ಪುಸ್ತಕದ ಚಿತ್ರಗಳು. ಆ ವಾರವೇ ನಮ್ಮ ಮನೆಯಲ್ಲಿ ದೊಡ್ಡವರೂ ಮಕ್ಕಳೂ ಸೇರಿ ಅಂಗಳದಲ್ಲೊಂದು ಕೊಳ ಮಾಡಲು ಹೊರಟೆವು.

ಇದಕ್ಕೆ ನೆಲ ಅಗೆಯಬೇಕಾಗಿಲ್ಲ. ಬಾಡಿಗೆ ಮನೆಯಲ್ಲಿ ಅಗೆಯಲು ಯಾರು ಬಿಡುತ್ತಾರೆ? ಒಂದು ಮೀಟರ್ ಅಗಲ, ಒಂದೂವರೆ ಅಡಿ ಆಳದ ದಪ್ಪ ಟಬ್ ಸಾಕು. ಅದರಲ್ಲಿ ಸುಮಾರು 350 ಲೀಟರ್ ನೀರು ಹಿಡಿಯುತ್ತದೆ, ಅಂದರೆ ತೂಕವೂ 350 ಕಿಲೋ. ಫ್ಲ್ಯಾಟಿನ ಬಾಲ್ಕನಿಯಲ್ಲಿ ಇಡುವ ಸಾಹಸ ಬೇಡ. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ಗೋಡೆಯ ನೆರಳು ಬರುವ ಜಾಗ ಒಳ್ಳೆಯದು. ನೈದಿಲೆಯನ್ನು ಜೇಡಿಮಣ್ಣಿನ ಕುಂಡದಲ್ಲಿ ನೆಟ್ಟು, ಮಣ್ಣು ಏಳದಂತೆ ಮೇಲೆ ಬೆಣಚುಕಲ್ಲು ಹರಡಿ ನೀರಿನಲ್ಲಿ ಇಳಿಸಬೇಕು. ಮಕ್ಕಳೇ, ನೈದಿಲೆಗೂ ತಾವರೆಗೂ ವ್ಯತ್ಯಾಸ ಹೇಗೆ ಗೊತ್ತೆ? ನೈದಿಲೆಯ ಎಲೆಯಲ್ಲಿ ಒಂದು ಸೀಳು ಇರುತ್ತದೆ, ಅದು ನೀರಿನ ಮೇಲೆಯೇ ಮಲಗಿರುತ್ತದೆ. ತಾವರೆಯ ಎಲೆ ದುಂಡಗೆ, ನೀರಿನಿಂದ ಎದ್ದು ನಿಲ್ಲುತ್ತದೆ. ಅದರ ಮೇಲೆ ಹನಿ ಅಂಟದೆ ಉರುಳಾಡುತ್ತದೆ.

ಮೊದಲ ವರ್ಷ ನಾವು ಎಡವಿದೆವು. ಆಸೆಗೆ ಎಂಟು ಗೋಲ್ಡ್ ಫಿಷ್ ತಂದು ಬಿಟ್ಟೆವು. ಮಕ್ಕಳು ಹೊತ್ತುಹೊತ್ತಿಗೂ ಆಹಾರ ಹಾಕಿದರು. ಮೇ ತಿಂಗಳ ಒಂದು ಬೆಳಿಗ್ಗೆ ನೋಡಿದರೆ ನೀರೆಲ್ಲ ಹಸಿರು, ಐದು ಮೀನುಗಳು ತೇಲುತ್ತಿದ್ದವು. ಮಗಳು ಅಂದು ತಿಂಡಿ ತಿನ್ನಲಿಲ್ಲ. ಕಾರಣ ಆಮೇಲೆ ತಿಳಿಯಿತು. 20 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿದರೆ, 35 ಡಿಗ್ರಿಯಲ್ಲಿ ಕರಗುವುದು ಸುಮಾರು 7 ಮಾತ್ರ. ಉಳಿದ ಆಹಾರ ಕೊಳೆತು ಪಾಚಿ ಹೆಚ್ಚುತ್ತದೆ. ಪಾಚಿ ಹಗಲು ಆಮ್ಲಜನಕ ಕೊಟ್ಟರೂ ರಾತ್ರಿಯೆಲ್ಲ ಅದನ್ನೇ ಉಸಿರಾಡುತ್ತದೆ, ಹಾಗಾಗಿ ನಸುಕಿನಲ್ಲಿ ಮೀನಿಗೆ ಉಸಿರು ಕಟ್ಟುತ್ತದೆ. ಈಗ ನಮ್ಮಲ್ಲಿ ಇರುವುದು ಬೆಚ್ಚಗಿನ ನೀರು ತಾಳುವ ಗಪ್ಪಿಗಳು. ನೀರಿನ ಮೂರರಲ್ಲಿ ಎರಡು ಪಾಲು ಎಲೆಯ ನೆರಳಿನಲ್ಲಿದೆ. ಪಾಚಿ ತಾನಾಗಿಯೇ ಇಳಿಯಿತು.

“ನಿಂತ ನೀರು ಅಂದರೆ ಸೊಳ್ಳೆ ಅಲ್ಲವೇ?” ಎಂದು ಪಕ್ಕದ ಮನೆಯ ಆಂಟಿ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಯ ವಿರುದ್ಧ ಮಸ್ಕತ್ತಿನಲ್ಲಿ 2020ರಲ್ಲಿ ಅಭಿಯಾನವೇ ನಡೆಯಿತು. ಈ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಅಂಚಿನ ಮೇಲೆ, ಪಾತ್ರೆಯ ಗೋಡೆಗೆ. ಒಣಗಿದರೂ ಮೊಟ್ಟೆ ತಿಂಗಳುಗಟ್ಟಲೆ ಬದುಕಿದ್ದು, ನೀರು ಮೇಲೇರಿದಾಗ ಒಡೆಯುತ್ತದೆ. ಆದ್ದರಿಂದ ಮೀನಿಲ್ಲದ ಕೊಳ ಖಂಡಿತ ಬೇಡ. ಗಪ್ಪಿ ಸೊಳ್ಳೆಯ ಮರಿಗಳನ್ನು ಹುಡುಕಿ ನುಂಗುತ್ತದೆ. ನಮ್ಮ ಕರ್ನಾಟಕದಲ್ಲೂ ಬಾವಿ, ತೊಟ್ಟಿಗಳಿಗೆ ಇದನ್ನು ಬಿಡುತ್ತಾರೆ. ನಾವು ಶುಕ್ರವಾರ ಟಬ್ಬಿನ ಅಂಚನ್ನು ಬ್ರಷ್ಷಿನಿಂದ ಉಜ್ಜುತ್ತೇವೆ. ನಿಜ ಹೇಳಬೇಕೆಂದರೆ ಹೂಕುಂಡದ ಕೆಳಗಿನ ತಟ್ಟೆ ನಮ್ಮ ಕೊಳಕ್ಕಿಂತ ಅಪಾಯಕಾರಿ! ಗಪ್ಪಿ ಹೆಚ್ಚಾಯಿತೆಂದು ವಾದಿಗೋ ಫಲಜಿಗೋ ಬಿಡಬಾರದು. ಅಲ್ಲಿ ಕಾಲು ಇಳಿಸಿದರೆ ಮುತ್ತಿಕೊಳ್ಳುವ ಸ್ಥಳೀಯ ಪುಟ್ಟ ಮೀನುಗಳ ಪಾಲಿಗೆ ಇವು ಹೊರಗಿನವು.

ಇನ್ನು ನೀರಿನ ಲೆಕ್ಕ. ಬೇಸಿಗೆಯಲ್ಲಿ ದಿನಕ್ಕೆ ಒಂದು ಸೆಂಟಿಮೀಟರಿನಷ್ಟು ಇಂಗಿದರೆ ಸುಮಾರು 8 ಲೀಟರ್ ಹೋಯಿತು. ಸಮುದ್ರದ ನೀರನ್ನು ಸಿಹಿ ಮಾಡಿ ಕುಡಿಯುವ ಊರಿನಲ್ಲಿ ಇದು ಮನಸ್ಸಿಗೆ ಚುಚ್ಚುತ್ತದೆ. ನಿಜ್ವಾದ ಫಲಜ್ ದಾರಿಸ್ ಸೇರಿ ಇಲ್ಲಿನ ಐದು ಫಲಜ್‌ಗಳು 2006ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅವುಗಳ ನೀರನ್ನು ಮೊದಲು ಕುಡಿಯಲು, ಕೊನೆಗೆ ಖರ್ಜೂರದ ತೋಟಕ್ಕೆ ಬಳಸುತ್ತಾರೆ. ನಾವೂ ಅದನ್ನೇ ಕಲಿತೆವು. ನೀರು ಆವಿಯಾದರೂ ಲವಣ ಉಳಿಯುವುದರಿಂದ ಆಗಾಗ ಸ್ವಲ್ಪ ನೀರು ಬದಲಿಸಬೇಕು. ತೆಗೆದ ನೀರು ಗೊಬ್ಬರದಂತೆ. ಅದೆಲ್ಲ ಕರಿಬೇವಿಗೆ ಹೋಗುತ್ತದೆ. ಸಾಂಬಾರಿನ ಒಗ್ಗರಣೆಗೆ ಈಗ ನಾವು ಸೊಪ್ಪು ಕೊಳ್ಳುವುದಿಲ್ಲ.

ಮನೆಯಲ್ಲಿ ಚಿಕ್ಕ ಮಗುವಿದ್ದರೆ ಗಟ್ಟಿ ಜಾಲರಿ ಹೊದಿಸದೆ ಕೊಳ ಬೇಡವೇ ಬೇಡ. ಅಂಗೈ ಆಳದ ನೀರೂ ಮಗುವಿಗೆ ಅಪಾಯ.

ಸಂತೋಷದ ವಿಷಯವನ್ನು ಬರೆಯಲು ಜಾಗವೇ ಉಳಿಯಲಿಲ್ಲ! ಬೆಳಿಗ್ಗೆ ಬುಲ್‌ಬುಲ್‌ಗಳು, ಗುಬ್ಬಿಗಳು ನಾವಿಟ್ಟ ಕಲ್ಲಿನ ಮೇಲೆ ಕುಳಿತು ನೀರು ಕುಡಿಯುತ್ತವೆ. ಒಂದು ದಿನ ಎಲ್ಲಿಂದಲೋ ಕೆಂಪು ಏರೋಪ್ಲೇನ್ ಚಿಟ್ಟೆ ಬಂದು ಬಾಲದ ತುದಿಯನ್ನು ನೀರಿಗೆ ತಾಗಿಸಿ ತಾಗಿಸಿ ಮೊಟ್ಟೆ ಇಟ್ಟಿತು. ಮಕ್ಕಳು ಟಿ.ವಿ. ಬಿಟ್ಟು ಬಂದು ಕುಳಿತರು.

ಜೂನ್‌ನಲ್ಲಿ ಊರಿಗೆ ಹೊರಡುವಾಗ ಮಾತ್ರ ಚಿಂತೆಯಾಯಿತು. ನೋಡುವವರಿಲ್ಲದ ಕೊಳವನ್ನು ಹಾಗೇ ಬಿಡುವಂತಿಲ್ಲ. ಟಬ್ ಖಾಲಿ ಮಾಡಿ ಬೋರಲು ಹಾಕಿದೆವು. ನೈದಿಲೆಯ ಕುಂಡವನ್ನೂ ಹನ್ನೆರಡು ಗಪ್ಪಿಗಳನ್ನೂ ಅದೇ ಪಕ್ಕದ ಮನೆಯ ಆಂಟಿಗೆ ಒಪ್ಪಿಸಿದೆವು. ಆಗಸ್ಟ್‌ನಲ್ಲಿ ಬಂದಾಗ ಅವರು ಬಕೆಟ್ ತುಂಬ ಮರಿಗಳನ್ನು ತಂದುಕೊಟ್ಟು, “ಹನ್ನೆರಡನ್ನು ನಾನು ಇಟ್ಟುಕೊಂಡಿದ್ದೇನೆ, ನಮ್ಮ ಮನೆಗೂ ಒಂದು ಟಬ್ ಬಂದಿದೆ” ಎಂದರು.