ಪಬ್‌ಜಿ ಆಡಿದ ಹುಡುಗ ಕೊಲೆಗಾರನಾಗುತ್ತಾನೆಯೇ?

ತಪ್ಪು ಕಲ್ಪನೆ: ಪಬ್‌ಜಿಯಂಥ ಗುಂಡು ಹಾರಿಸುವ ಆಟಗಳೇ ಮಕ್ಕಳನ್ನು ಅಪರಾಧಿಗಳನ್ನಾಗಿ ಮಾಡುತ್ತವೆ.

ಸತ್ಯ: 1999ರಲ್ಲಿ ಅಮೆರಿಕದ ಕೊಲಂಬೈನ್ ಶಾಲೆಯಲ್ಲಿ ಗುಂಡು ಹಾರಿಸಿದ ಇಬ್ಬರು ಹುಡುಗರೂ ‘ಡೂಮ್’ ಎಂಬ ಗುಂಡು ಹಾರಿಸುವ ವಿಡಿಯೊ ಗೇಮ್ ಆಡುತ್ತಿದ್ದರು. ಈ ನಂಬಿಕೆ ಇನ್ನಷ್ಟು ಬೇರೂರಿದ್ದು ಆಗ. ಆದರೆ ಇಂಥ ಆಟ ಆಡಿ, ಯಾರ ತಂಟೆಗೂ ಹೋಗದೆ ಬೆಳೆದವರು ಕೋಟ್ಯಂತರ. ಆಕ್ಸ್‌ಫರ್ಡ್ ಸಂಶೋಧಕರು ಬ್ರಿಟನ್ನಿನ 14–15 ವಯಸ್ಸಿನ ಸಾವಿರ ಮಕ್ಕಳು ಏನು ಆಡುತ್ತಾರೆಂದು ಕೇಳಿ, ಅವರ ನಡವಳಿಕೆ ಹೇಗಿದೆಯೆಂದು ಹೆತ್ತವರನ್ನು ವಿಚಾರಿಸಿದರು. ಹಿಂಸೆಯ ಆಟಕ್ಕೂ ಜಗಳಗಂಟತನಕ್ಕೂ ನಂಟು ಕಾಣಲಿಲ್ಲ ಎಂದು 2019ರಲ್ಲಿ ಪ್ರಕಟಿಸಿದರು. ಹಾಗೆಂದು ಪರಿಣಾಮ ಸೊನ್ನೆ ಎನ್ನಲಾಗದು. 24 ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯೊಂದು ಹೊಡೆದಾಟದ ಸ್ವಭಾವ ಸ್ವಲ್ಪ ಹೆಚ್ಚುತ್ತದೆ ಎಂದಿತು. ಅಮೆರಿಕದ ಮನೋವಿಜ್ಞಾನಿಗಳ ಸಂಘ 2020ರಲ್ಲಿ ಹೇಳಿದ್ದು ಇಷ್ಟು: ಕಿರುಚಾಟ, ತಳ್ಳಾಟದ ಜೊತೆ ಚಿಕ್ಕ ನಂಟಿದೆ, ನಿಜವಾದ ಹಿಂಸಾಕೃತ್ಯಕ್ಕೆ ಆಟವೇ ಕಾರಣವೆನ್ನಲು ಸಾಕಷ್ಟು ಪುರಾವೆಯಿಲ್ಲ. ಕೊಲೆ ನಡೆದಾಗಲೆಲ್ಲ ಆಟದ ಕಡೆ ಬೆರಳು ತೋರಿಸಿದರೆ ಮನೆಯ ಹೊಡೆತ, ಖಿನ್ನತೆ, ಕೈಗೆ ಸಿಗುವ ಬಂದೂಕು ಎಲ್ಲವೂ ಮರೆಗೆ ಸರಿಯುತ್ತವೆ. ನನಗೆ ಆತಂಕ ಹುಟ್ಟಿಸುವುದು ಅದು.

ತಪ್ಪು ಕಲ್ಪನೆ: ಹಿಂಸೆ ಇದೆಯೆಂದೇ ಭಾರತ ಸರ್ಕಾರ ಪಬ್‌ಜಿ ನಿಷೇಧಿಸಿತು.

ಸತ್ಯ: 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಸೇರಿ 118 ಆ್ಯಪ್‌ಗಳನ್ನು ತಡೆದಾಗ ಕೊಟ್ಟ ಕಾರಣ ದೇಶದ ಭದ್ರತೆ ಮತ್ತು ಬಳಕೆದಾರರ ಮಾಹಿತಿಯ ಸುರಕ್ಷತೆ. ಮರುವರ್ಷವೇ ಅದೇ ಆಟ ಬಿಜಿಎಂಐ ಎಂಬ ಹೆಸರಲ್ಲಿ, ರಕ್ತದ ಬಣ್ಣ ಹಸಿರಾಗಿ ಬಂತು.

ತಪ್ಪು ಕಲ್ಪನೆ: ವಿಡಿಯೊ ಗೇಮ್ ಎಂದರೆ ಮಕ್ಕಳ ಆಟ, ಕೊಲೆಗಾರರಾಗುವುದಿಲ್ಲ ಎಂದಮೇಲೆ ಆಡಿಕೊಳ್ಳಲಿ ಬಿಡಿ.

ಸತ್ಯ: ‘ಜಿಟಿಎ 5’ ಎಂಬ ಆಟದ ಒಂದು ಘಟ್ಟದಲ್ಲಿ ಕುರ್ಚಿಗೆ ಕಟ್ಟಿಹಾಕಿದ ವ್ಯಕ್ತಿಗೆ ಚಿತ್ರಹಿಂಸೆ ಕೊಡಬೇಕು. ಇಕ್ಕಳದಿಂದ ಹಲ್ಲು ಕೀಳುವುದು, ವಿದ್ಯುತ್ ಶಾಕ್ ಕೊಡುವುದು ಎಲ್ಲವನ್ನೂ ಮಾಡಿಸುವುದು ಆಡುವವನ ಕೈಯಿಂದಲೇ. ಯುರೋಪಿನಲ್ಲಿ ಅದರ ಡಬ್ಬಿಯ ಮೇಲೆ 18 ಎಂದು ಅಚ್ಚಾಗಿರುವುದು ಇಂಥದ್ದಕ್ಕೇ. ಹತ್ತು ವರ್ಷದ ಮಗುವಿಗೆ ಇದನ್ನು ಕೊಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮುಂದೆ ಮಗು ಏನಾಗುತ್ತದೆ ಎಂಬ ಭಯದಿಂದಲ್ಲ. ಈಗಲೇ ಅದರ ಮನಸ್ಸು ಇಂಥ ದೃಶ್ಯಗಳನ್ನು ಹೊರಬೇಕಾಗಿಲ್ಲ ಎಂಬ ಕಾರಣಕ್ಕೆ.

ರಕ್ತವೇ ಇಲ್ಲದ ಆಟದಲ್ಲೂ ನಿದ್ದೆಗೆಡುವುದು, ಹೆಡ್‌ಫೋನಿನಲ್ಲಿ ಅಪರಿಚಿತರ ಬೈಗುಳ, ಅಪ್ಪನ ಯುಪಿಐನಿಂದ ಹೋಗುವ ದುಡ್ಡು ಇವೆ. ಆಟದ ಮೇಲೆ ಹಿಡಿತ ತಪ್ಪಿ, ಓದು, ಊಟ, ಸ್ನೇಹ ಎಲ್ಲ ಹಿಂದೆ ಸರಿದು, ಸಾಮಾನ್ಯವಾಗಿ 12 ತಿಂಗಳು ಹೀಗೇ ಮುಂದುವರಿದರೆ ಅದನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಯೆಂದೇ ಗುರುತಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ತಂತ್ರಜ್ಞಾನದ ಗೀಳಿಗೆಂದೇ ‘ಶಟ್’ ಕ್ಲಿನಿಕ್ ಇದೆ.

ಪ್ಲೇ ಸ್ಟೋರ್‌ನಲ್ಲಿ ಆಟದ ಹೆಸರಿನ ಕೆಳಗಿರುವ ವಯಸ್ಸಿನ ಸಂಖ್ಯೆ ನೋಡದೆ ಇನ್‌ಸ್ಟಾಲ್ ಮಾಡಿಕೊಡಬೇಡಿ. ಅದು ಆಟದಲ್ಲಿ ಏನಿದೆ ಎಂದು ಹೇಳುತ್ತದೆಯೇ ಹೊರತು ಮೈಕ್‌ನಲ್ಲಿ ಯಾರು ಮಾತಾಡುತ್ತಾರೆ ಎಂದು ಹೇಳುವುದಿಲ್ಲ. ಅದಕ್ಕೆ ಒಂದು ಸಂಜೆ ಮಗುವಿನ ಪಕ್ಕ ಕೂತು, ಹೆಡ್‌ಫೋನ್ ತೆಗೆಸಿ, ಪೂರ್ತಿ ಒಂದು ಪಂದ್ಯ ನೋಡಿ.